ವೈದ್ಯರ ಇ-ಸಹಿ ಮತ್ತು ರೋಗಿಯ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಕ್ಲಿನಿಕ್, ನರ್ಸಿಂಗ್ ಹೋಮ್, ಲ್ಯಾಬ್‌ನವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ನಿಮ್ಮ ಪ್ರಕರಣ ಈಗಾಗಲೇ ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ಇದ್ದರೆ ಇದನ್ನು ನಂಬಿ ಹೆಜ್ಜೆ ಇಡಬೇಡಿ, ವಕೀಲರನ್ನು ಕೇಳಿ.

## ಮೊದಲು ತಿಳಿಯಬೇಕಾದದ್ದು

ನನ್ನ ಸಹಿಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ್ದಾರೆ, ಡಿಸ್ಚಾರ್ಜ್ ಸಮರಿಯಲ್ಲಿ ತಾನಾಗೇ ಬಂದು ಕೂರುತ್ತೆ. ಅದೇ ಇ-ಸಹಿ ಅಲ್ವಾ?

ಅಲ್ಲ, ಅದು ಸಹಿಯ ಚಿತ್ರ ಅಷ್ಟೇ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೇ ಕಲಂ ಕೈಸಹಿಯ ಸ್ಥಾನವನ್ನು ವಿದ್ಯುನ್ಮಾನ ಸಹಿಗೆ ಕೊಡುತ್ತದೆ. ಆದರೆ ಯಾವುದನ್ನು ವಿದ್ಯುನ್ಮಾನ ಸಹಿ ಅನ್ನಬೇಕು ಎಂಬುದನ್ನು 3 ಮತ್ತು 3ಎ ಕಲಂಗಳು ಕಟ್ಟುನಿಟ್ಟಾಗಿ ಹೇಳಿವೆ. ಸಹಿ ಮಾಡಲು ಬಳಸುವ ಗುಟ್ಟು ಆ ಒಬ್ಬ ವ್ಯಕ್ತಿಗೆ ಮಾತ್ರ ಸೇರಿರಬೇಕು. ಸಹಿ ಮಾಡುವ ಹೊತ್ತಿನಲ್ಲಿ ಅದು ಅವರ ಹತೋಟಿಯಲ್ಲೇ ಇರಬೇಕು. ಆಮೇಲೆ ಸಹಿಯನ್ನಾಗಲಿ ದಾಖಲೆಯನ್ನಾಗಲಿ ಯಾರಾದರೂ ಮುಟ್ಟಿದರೆ ಗೊತ್ತಾಗುವಂತಿರಬೇಕು. ಚಿತ್ರಕ್ಕೆ ಈ ಮೂರರಲ್ಲಿ ಒಂದೂ ಇಲ್ಲ. ಆ ಫೈಲ್ ಕೈಗೆ ಸಿಕ್ಕ ಯಾರು ಬೇಕಾದರೂ ಯಾವ ಕಾಗದಕ್ಕೆ ಬೇಕಾದರೂ ಅಂಟಿಸಬಹುದು.

ಹಾಗಂತ ಚಿತ್ರವಿರುವ ಹಳೆಯ ದಾಖಲೆಗಳೆಲ್ಲ ಕಸ ಅಂತಲ್ಲ. 4ನೇ ಕಲಂ ಪ್ರಕಾರ ಅವೂ ವಿದ್ಯುನ್ಮಾನ ದಾಖಲೆಗಳೇ. ಆದರೆ "ಇದನ್ನು ಬರೆದದ್ದು ನಾನೇ" ಅಂತ ಸಾಬೀತು ಮಾಡುವ ಭಾರವೋ, "ನಾನಲ್ಲ" ಅಂತ ಸಾಬೀತು ಮಾಡುವ ಭಾರವೋ ಪೂರ್ತಿ ನಿಮ್ಮ ತಲೆ ಮೇಲೆ ಬೀಳುತ್ತದೆ. ಎರಡನೆಯದು ಇನ್ನೂ ಕಷ್ಟ.

ಕಾನೂನು ಒಪ್ಪುವ ಸಹಿ ಯಾವುದು? ಡಿಎಸ್‌ಸಿನೋ, ಆಧಾರ್ ಒಟಿಪಿನೋ?

ಎರಡೂ ಸರಿಯೇ. ನಿಮ್ಮ ಊರಲ್ಲಿ ನೆಟ್‌ವರ್ಕ್ ಹೇಗಿದೆ ಅನ್ನುವುದರ ಮೇಲೆ ಆರಿಸಿಕೊಳ್ಳಿ.

ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರ. ಅದರ ಖಾಸಗಿ ಕೀಲಿ, ಅಂದರೆ ಸಹಿ ಮಾಡುವ ಗುಟ್ಟು, ಯುಎಸ್‌ಬಿ ಟೋಕನ್ನಿನೊಳಗೆ ಕೂರುತ್ತದೆ. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು, ಅಂದರೆ ಸಿಸಿಎ, ಪರವಾನಗಿ ಕೊಟ್ಟ ಸಂಸ್ಥೆಗಳು ಮಾತ್ರ ಇದನ್ನು ಕೊಡಬಹುದು. 2021ರ ಜನವರಿ 1ರಿಂದ ಕ್ಲಾಸ್ 2 ನಿಂತುಹೋಗಿದೆ, ಈಗ ಕೊಡುವುದು ಕ್ಲಾಸ್ 3. ವಿಡಿಯೋದಲ್ಲಿ ನಿಮ್ಮ ಮುಖ, ದಾಖಲೆ ನೋಡಿಯೇ ಕೊಡುತ್ತಾರೆ, ಅವಧಿ ಹೆಚ್ಚೆಂದರೆ 3 ವರ್ಷ. ಏಜೆಂಟರಿಗೆ ದಾಖಲೆ ಕೊಟ್ಟು "ನೀವೇ ಎಲ್ಲ ಮಾಡಿ ಪಿನ್ ಹೇಳಿ" ಅನ್ನಬೇಡಿ. ಹಾಗೆ ಬಂದ ಟೋಕನ್ನಿನ ಪಿನ್ ಮೊದಲ ದಿನವೇ ಇನ್ನೊಬ್ಬರಿಗೆ ಗೊತ್ತಿರುತ್ತದೆ.

ಆಧಾರ್ ಇ-ಸೈನ್‌ನಲ್ಲಿ ಟೋಕನ್ ಇಲ್ಲ. ಒಟಿಪಿ ಕೊಟ್ಟಾಗ ಸೇವಾ ಸಂಸ್ಥೆಯ ಕಡೆ ಒಂದೇ ಬಾರಿಗೆ ಆಗುವಂಥ ಕೀಲಿ ಹುಟ್ಟುತ್ತದೆ, ಅದರ ಪ್ರಮಾಣಪತ್ರ 30 ನಿಮಿಷ ಬಾಳುತ್ತದೆ. ಅಲ್ಲಿಗೆ ಹೋಗುವುದು ದಾಖಲೆಯಲ್ಲ, ದಾಖಲೆಯ ಹ್ಯಾಶ್ ಮಾತ್ರ, ಅಂದರೆ ದಾಖಲೆಯಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ. ರೋಗಿಯ ವಿವರ ಹೊರಗೆ ಹೋಗುತ್ತದೆ ಅನ್ನುವ ಹೆದರಿಕೆ ಬೇಡ. ತೊಂದರೆ ಬೇರೆ ಕಡೆ: ಆಧಾರಿಗೆ ಜೋಡಿಸಿದ ಸಿಮ್ಮಿಗೇ ಒಟಿಪಿ ಬರಬೇಕು. ಟವರ್ ಸಿಗದ ಊರಿನಲ್ಲಿ ಇದನ್ನೊಂದೇ ನಂಬಿದರೆ ಸಂಜೆ ಡಿಸ್ಚಾರ್ಜ್ ಆಗಬೇಕಾದವರು ರಾತ್ರಿಯವರೆಗೆ ಬೆಂಚಿನ ಮೇಲೆ ಕೂರುತ್ತಾರೆ.

ನನ್ನ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ ‘ಅಪ್ರೂವ್’ ಒತ್ತಿದರೆ ಸಹಿ ಆದ ಹಾಗೆ ಅಲ್ವಾ?

ಕಾಯ್ದೆಯ ಅರ್ಥದಲ್ಲಿ ಅಲ್ಲ, ಪಾಸ್‌ವರ್ಡ್ ಲಾಗಿನ್ ಕಾಯ್ದೆ ಒಪ್ಪಿದ ಸಹಿ ವಿಧಾನಗಳನ್ನು ಹೇಳುವ ಎರಡನೇ ಅನುಸೂಚಿಯ ಪಟ್ಟಿಯಲ್ಲಿಲ್ಲ. ಆದರೆ ಪ್ರತಿ ರೌಂಡ್ಸ್ ನೋಟಿಗೂ ಡಿಎಸ್‌ಸಿ ಚುಚ್ಚಿ ಅಂತ ವೈದ್ಯಕೀಯ ನೀತಿ ನಿಯಮಾವಳಿ, 2002 ಎಲ್ಲೂ ಹೇಳಿಲ್ಲ. ಹಾಗೆ ಮಾಡಲು ಹೋದರೆ ಯಾರೂ ನೋಟ್ ಬರೆಯುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ದಿನದ ನೋಟು, ಔಷಧ ಆರ್ಡರುಗಳಿಗೆ ಸ್ವಂತ ಲಾಗಿನ್ನೂ, ಯಾರು ಯಾವಾಗ ಏನು ಮಾಡಿದರು ಅಂತ ತಾನಾಗೇ ದಾಖಲಿಸುವ, ಅಳಿಸಲಾಗದ ಆಡಿಟ್ ಲಾಗೂ ಸಾಕು. ಆಸ್ಪತ್ರೆಯ ಬಾಗಿಲು ದಾಟಿ ಹೋಗುವ ಕಾಗದಕ್ಕೆ ಮಾತ್ರ ಡಿಎಸ್‌ಸಿ ಅಥವಾ ಇ-ಸೈನ್ ಇರಲಿ: ಡಿಸ್ಚಾರ್ಜ್ ಸಮರಿ, ಲ್ಯಾಬ್ ಮತ್ತು ಸ್ಕ್ಯಾನ್ ವರದಿ, ಪ್ರಮಾಣಪತ್ರ, ರೆಫರಲ್ ಪತ್ರ. ಆಪರೇಷನ್ ನೋಟ್ ಹೊರಗೆ ಹೋಗದಿದ್ದರೂ ಆ ಪಟ್ಟಿಗೇ ಸೇರಿಸಿ, ಜಗಳ ಬಂದಾಗ ಮೊದಲು ಕೇಳುವುದು ಅದನ್ನೇ.

ಲಾಗಿನ್ ಹಂಚಿಕೊಂಡಿದ್ದರೆ ಈ ಮಾತೆಲ್ಲ ವ್ಯರ್ಥ. ‘ಡ್ಯೂಟಿ ಡಾಕ್ಟರ್’ ಅನ್ನುವ ಒಂದೇ ಲಾಗಿನ್ನಿನಲ್ಲಿ ಮೂವರು ಕೆಲಸ ಮಾಡುತ್ತಿದ್ದರೆ ಲಾಗ್ ಯಾರನ್ನೂ ಕಾಪಾಡುವುದಿಲ್ಲ.

ಸಹಿ ಪಕ್ಕ ಏನೇನು ಕಾಣಬೇಕು?

ಪೂರ್ತಿ ಹೆಸರು, ಪದವಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ದಿನಾಂಕ, ಗಂಟೆ-ನಿಮಿಷ. ಚೀಟಿ, ಪ್ರಮಾಣಪತ್ರ, ರಸೀದಿಗಳಲ್ಲಿ ನೋಂದಣಿ ಸಂಖ್ಯೆ ಇರಬೇಕೆಂದು 2002ರ ನಿಯಮಾವಳಿಯೇ ಹೇಳುತ್ತದೆ. ಡಿಎಸ್‌ಸಿಯಲ್ಲಿರುವ ಹೆಸರೂ ಪರಿಷತ್ತಿನಲ್ಲಿರುವ ಹೆಸರೂ ಒಂದೇ ಥರ ಇರಲಿ. ಮದುವೆ ಆದಮೇಲೆ ಇನಿಶಿಯಲ್ ಬದಲಾದವರು ಇದನ್ನು ಗಮನಿಸುವುದೇ ಇಲ್ಲ.

## ದಿನನಿತ್ಯದ ಕೆಲಸದಲ್ಲಿ

ಟೋಕನ್ ರಿಸೆಪ್ಷನ್ ಕಂಪ್ಯೂಟರಿಗೇ ಚುಚ್ಚಿರುತ್ತೆ. ನಾನು ಮನೆಗೆ ಹೋದಮೇಲೆ ಸಮರಿ ಬೇಕಾದರೆ ಸಿಸ್ಟರೇ ಸಹಿ ಹಾಕಿ ಕೊಡ್ತಾರೆ. ಅದರಲ್ಲೇನು ತಪ್ಪು?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದೇ, ಎಲ್ಲಕ್ಕಿಂತ ದೊಡ್ಡ ತಪ್ಪೂ ಇದೇ. ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಪಿನ್ ಬರೆದಿಟ್ಟಿರುವ ಕೌಂಟರುಗಳು ಬೇಕಾದಷ್ಟಿವೆ.

ಕಾಯ್ದೆಯ 42ನೇ ಕಲಂ ಪ್ರಕಾರ ಖಾಸಗಿ ಕೀಲಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆ ಪ್ರಮಾಣಪತ್ರ ಪಡೆದವರದ್ದು. ಕೀಲಿ ಬೇರೆಯವರ ಕೈಗೆ ಹೋಗಿದೆ ಅಂತ ಗೊತ್ತಾದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಳಿಸುವವರೆಗೆ ಹೊಣೆ ನಿಮ್ಮದೇ. ಅಂದರೆ ರಾತ್ರಿ ಹನ್ನೊಂದಕ್ಕೆ ಹೊರಬಿದ್ದ ಸಮರಿಯಲ್ಲಿ ಮಾತ್ರೆಯ ಪ್ರಮಾಣ ತಪ್ಪಿದ್ದರೆ ಕಾನೂನಿನ ಕಣ್ಣಿಗೆ ಅದನ್ನು ಬರೆದದ್ದು ನೀವು. "ನಾನು ಮನೆಯಲ್ಲಿದ್ದೆ" ಅಂದರೆ ಟೋಕನ್ ಕೊಟ್ಟಿದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ. ಇತ್ತ ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದಲೋ ಅಪ್ರಾಮಾಣಿಕವಾಗಿಯೋ ಬಳಸಿದರೆ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೇಳಿದ್ದನ್ನು ಮಾಡಿದ ಸಿಸ್ಟರನ್ನೂ ನೀವೇ ಇಕ್ಕಟ್ಟಿಗೆ ತಳ್ಳಿದಂತೆ.

ಟೋಕನ್ ಮನೆ ಬೀಗದ ಕೈ ಜೊತೆಗೇ ಇರಲಿ. ರಾತ್ರಿ ಡಿಸ್ಚಾರ್ಜ್ ಇದ್ದರೆ ಡ್ಯೂಟಿಯಲ್ಲಿರುವ ವೈದ್ಯರು ತಮ್ಮ ಹೆಸರಿನಲ್ಲಿ, ತಮ್ಮ ಸಹಿಯಲ್ಲಿ ‘ತಾತ್ಕಾಲಿಕ ಸಮರಿ’ ಕೊಡಲಿ. ಬೆಳಗ್ಗೆ ನೀವು ಅಂತಿಮ ಪ್ರತಿಗೆ ಸಹಿ ಮಾಡಿ. ನೂರು ಸಮರಿಗೆ ಒಂದೇ ಸಲ ಪಿನ್ ಒತ್ತುವ ಬಲ್ಕ್ ಸೈನಿಂಗ್ ಇರುವ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯವನ್ನು ಸಮರಿಗಳ ಮಟ್ಟಿಗೆ ಮುಚ್ಚಿಸಿಬಿಡಿ. ಪಿನ್ ಹಲವು ಬಾರಿ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ, ಆಗ ಊಹೆಯ ಮೇಲೆ ಒತ್ತುತ್ತಾ ಹೋಗದೆ ಕೊಟ್ಟವರನ್ನೇ ಕೇಳಿ.

ಲ್ಯಾಬ್ ಹೊಸನಗರದಲ್ಲಿದೆ, ಪೆಥಾಲಜಿಸ್ಟ್ ಶಿವಮೊಗ್ಗದಲ್ಲಿರ್ತಾರೆ. ವರದಿಗೆ ಅವರ ಸ್ಕ್ಯಾನ್ ಸಹಿ ಹಾಕಬಹುದಾ?

ಬೇಡವೇ ಬೇಡ. ಲ್ಯಾಬ್ ವರದಿಗೆ ಮೇಲುಸಹಿ ಮಾಡುವವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಅರ್ಹತೆ ಇರುವ ನೋಂದಾಯಿತ ವೈದ್ಯರೇ ಆಗಿರಬೇಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿದಿದೆ. ಅವರು ನೋಡದ ವರದಿಗೆ ಅವರ ಸಹಿಯ ಚಿತ್ರ ಅಂಟಿಸುವುದು ನೋಂದಣಿಗೇ ಕುತ್ತು ತರುವ ಕೆಲಸ.

ದೂರದಿಂದ ಸಹಿ ಮಾಡುವುದಕ್ಕೆ ಅಡ್ಡಿ ಬರುವುದು ದೂರವಲ್ಲ, ನೋಡದೇ ಇರುವುದು. ಮಷಿನ್ನಿನ ಅಂಕಿ, ಆ ದಿನದ ಕ್ವಾಲಿಟಿ ಕಂಟ್ರೋಲ್, ಸ್ಲೈಡಿದ್ದರೆ ಅದರ ಚಿತ್ರ ಅವರ ಪರದೆಗೆ ಹೋಗಬೇಕು. ಅವರು ತಮ್ಮ ಲಾಗಿನ್ನಿನಲ್ಲಿ ನೋಡಿ ತಮ್ಮದೇ ಡಿಎಸ್‌ಸಿ ಅಥವಾ ಇ-ಸೈನ್ ಹಾಕಬೇಕು. ಸಹಿ ಆಗುವವರೆಗೆ ಪ್ರಿಂಟ್ ಬಟನ್ನೇ ಕೆಲಸ ಮಾಡಬಾರದು. ತುರ್ತಿನಲ್ಲಿ ಪ್ಲೇಟ್ಲೆಟ್ ಅಂಕಿ ಬೇಕೇ ಬೇಕೆಂದರೆ ‘ಪರಿಶೀಲನೆ ಬಾಕಿ’ ಅಂತ ದೊಡ್ಡದಾಗಿ ಕಾಣುವಂತೆ ಕೊಡಿ. ಒಬ್ಬರೇ ಪೆಥಾಲಜಿಸ್ಟ್ ಹೆಸರು ಅದೇ ನಿಮಿಷಕ್ಕೆ ಎರಡು ತಾಲ್ಲೂಕಿನ ಲ್ಯಾಬುಗಳಲ್ಲಿ ಸಹಿ ಮಾಡಿದಂತಿದ್ದರೆ ಅದನ್ನು ಪತ್ತೆ ಹಚ್ಚಲು ಪತ್ತೇದಾರ ಬೇಕಿಲ್ಲ.

ಮಳೆಗಾಲದಲ್ಲಿ ಮೂರು ದಿನ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆಗ ಸಹಿ ಹೇಗೆ?

ಆಗುಂಬೆ, ಹೊಸನಗರ ತಾಲ್ಲೂಕಿನ ನಗರದ ಕಡೆಯವರಿಗೆ ಇದು ವರ್ಷಾ ವರ್ಷ ಬರುವ ಪ್ರಶ್ನೆ. ಆಧಾರ್ ಇ-ಸೈನ್ ನೆಟ್ಟಿಲ್ಲದೆ ನಡೆಯದು. ಡಿಎಸ್‌ಸಿ ಟೋಕನ್ನಿಗೆ ಸಹಿ ಮಾಡುವ ಹೊತ್ತಿಗೆ ನೆಟ್ ಬೇಕಿಲ್ಲ, ಕೀಲಿ ಟೋಕನ್ನಿನಲ್ಲೇ ಇದೆ. ನೆಟ್ ಬೇಕಾಗುವುದು ಹೊರಗಿನ ಟೈಮ್ ಸ್ಟಾಂಪಿಗೆ (ಬೇರೆ ಸಂಸ್ಥೆಯ ಗಡಿಯಾರ ಹಾಕುವ ಸಮಯದ ಮುದ್ರೆ) ಮತ್ತು ಪ್ರಮಾಣಪತ್ರ ರದ್ದಾಗಿಲ್ಲ ಅಂತ ಪರೀಕ್ಷಿಸುವುದಕ್ಕೆ. ಹಾಗಾಗಿ ಆಫ್‌ಲೈನ್ ಸಹಿಯಲ್ಲಿ ಕೂರುವ ಸಮಯ ನಿಮ್ಮ ಕಂಪ್ಯೂಟರಿನ ಗಡಿಯಾರದ್ದು.

ಎಡವಟ್ಟಾಗುವುದು ಇಲ್ಲೇ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ನೋಡದೆ ಸಹಿ ಮಾಡಿದರೆ ನಿಮ್ಮ ಪ್ರಮಾಣಪತ್ರ ಹುಟ್ಟುವುದಕ್ಕೂ ಮೊದಲೇ ಸಹಿ ಆದಂತೆ ಕಾಣುತ್ತದೆ. ಪರೀಕ್ಷಿಸಿದವರಿಗೆ ‘ಪ್ರಮಾಣಪತ್ರ ಇನ್ನೂ ಸಿಂಧುವಾಗಿಲ್ಲ’ ಅಂತ ಬರುತ್ತದೆ. ಮಳೆಗಾಲಕ್ಕೆ ಮೊದಲು ಆ ಬ್ಯಾಟರಿ ಬದಲಿಸಿ, ಅದಕ್ಕೆ ಒಂದು ಊಟದಷ್ಟೂ ಖರ್ಚಾಗದು. ಕರೆಂಟ್ ಬಂದಕೂಡಲೇ ದಿನಾಂಕ ನೋಡುವುದನ್ನು ಒಬ್ಬರ ಕೆಲಸ ಅಂತಲೇ ಗೊತ್ತುಮಾಡಿ.

ಕಂಪ್ಯೂಟರೇ ಏಳದಿದ್ದರೆ ಕಾಗದ. ಮೊದಲೇ ಕ್ರಮಸಂಖ್ಯೆ ಹಾಕಿ ಮುದ್ರಿಸಿದ ಹಾಳೆಗಳ ಕಟ್ಟು ವಾರ್ಡಿನಲ್ಲಿರಲಿ, ಪೆನ್ನಿನಲ್ಲಿ ಬರೆದು ಗಂಟೆ ಹಾಕಿ ಕೈಸಹಿ ಮಾಡಿ. ಕರೆಂಟ್ ಬಂದಮೇಲೆ ಸ್ಕ್ಯಾನ್ ಮಾಡಿ ಕೇಸ್‌ಶೀಟಿಗೆ ಸೇರಿಸಿ, ಮೂಲ ಹಾಳೆ ಹರಿಯಬೇಡಿ. ಅದನ್ನೇ ಮತ್ತೆ ಟೈಪ್ ಮಾಡುವುದಾದರೆ ‘ತಡವಾದ ನಮೂದು’ ಅಂತ ಬರೆದು, ಘಟನೆ ನಡೆದ ಸಮಯ ಬೇರೆ, ಬರೆದ ಸಮಯ ಬೇರೆ ತೋರಿಸಿ. ಮಂಗನ ಕಾಯಿಲೆಯ ರೋಗಿಯನ್ನು ತೀರ್ಥಹಳ್ಳಿಯಿಂದ ಘಾಟಿ ಇಳಿಸಿ ಮಣಿಪಾಲಕ್ಕೆ ಕಳಿಸುವಾಗ ರೆಫರಲ್ ಪತ್ರದಲ್ಲಿನ ಗಂಟೆ ನಿಜವಾದ ಗಂಟೆಯೇ ಆಗಿರಬೇಕು. ಸಿಸ್ಟಮ್ ಎದ್ದಮೇಲೆ ಹಿಂದಿನ ತಾರೀಕು ಹಾಕಿ ತಯಾರಿಸಿದ ಪತ್ರ ಆಮೇಲೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಮೆಡಿಕಲ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ ಚೀಟಿ ಒಪ್ಪಲ್ಲ ಅಂತಾರೆ. ಅವರದ್ದು ಸರಿಯಾ?

ಅರ್ಧ ಸರಿ. ಔಷಧ ನಿಯಮಗಳು, 1945ರ 65ನೇ ನಿಯಮ ಚೀಟಿ ಲಿಖಿತವಾಗಿರಬೇಕು, ವೈದ್ಯರ ಎಂದಿನ ಸಹಿ ಮತ್ತು ದಿನಾಂಕ ಇರಬೇಕು ಅನ್ನುತ್ತದೆ. ಮೆಡಿಕಲ್‌ನವರು ಹಿಡಿದುಕೊಂಡಿರುವುದು ಇದನ್ನೇ. ಆದರೆ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಸಹಿ ಮಾಡಿದ ಚೀಟಿಯ ಫೋಟೋ, ಸ್ಕ್ಯಾನ್ ಅಥವಾ ಇ-ಚೀಟಿಯನ್ನು ಮೆಸೇಜಿನಲ್ಲೋ ಇ-ಮೇಲಿನಲ್ಲೋ ಕಳಿಸಲು ಒಪ್ಪಿದೆ. ಬರೀ "ಡೋಲೋ 650 ಮೂರು ಹೊತ್ತು" ಅನ್ನುವ ಮೆಸೇಜು ಚೀಟಿಯಲ್ಲ, ಅದನ್ನು ತಿರಸ್ಕರಿಸಿದವರು ಸರಿ. ಶೆಡ್ಯೂಲ್ ಎಕ್ಸ್ (ಔಷಧ ನಿಯಮಗಳಲ್ಲಿ ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಗಳ ಪಟ್ಟಿ) ಮತ್ತು ಮಾದಕ ವಸ್ತು ಕಾಯ್ದೆಯ ಔಷಧಗಳನ್ನು ಟೆಲಿ ಸಮಾಲೋಚನೆಯಲ್ಲಿ ಬರೆಯುವಂತೆಯೇ ಇಲ್ಲ.

ಡಿಜಿಟಲ್ ಸಹಿಯ ಪಿಡಿಎಫನ್ನು ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಮಾಡಿ ಕಳಿಸಿದರೆ ಒಳಗಿನ ಸಹಿ ಹೋಗಿ ಬರೀ ಚಿತ್ರ ಉಳಿಯುತ್ತದೆ. ಕಳಿಸುವುದು ರೋಗಿಯ ನಂಬರಿಗೆ, ಆಸ್ಪತ್ರೆಯ ಗ್ರೂಪಿಗಲ್ಲ.

ಫೋನಿನಲ್ಲಿ ಹೇಳಿದ ಆರ್ಡರಿಗೆ ಸಿಸ್ಟರ್ ಸಹಿ ಸಾಕಾ?

ಸಿಸ್ಟರ್ ತಮ್ಮ ಲಾಗಿನ್ನಿನಲ್ಲಿ ‘ಫೋನ್ ಆರ್ಡರ್’ ಅಂತ ಬರೆದು, ಓದಿ ಹೇಳಿ ಖಚಿತಪಡಿಸಿಕೊಂಡದ್ದನ್ನೂ ನಮೂದಿಸಲಿ. ವೈದ್ಯರು 24 ಗಂಟೆಯೊಳಗೆ ತಮ್ಮ ಲಾಗಿನ್ನಿನಲ್ಲಿ ದೃಢೀಕರಿಸಲಿ.

ಸಹಿ ಆದಮೇಲೆ ಕೇಸ್‌ಶೀಟಿನಲ್ಲಿ ತಪ್ಪು ಕಂಡಿತು. ಎಡಗಾಲು ಅನ್ನೋದು ಬಲಗಾಲು ಅಂತಾಗಿದೆ. ತಿದ್ದಬಹುದಾ?

ತಿದ್ದಬಹುದು, ಅಳಿಸುವಂತಿಲ್ಲ. ಕಾಗದದಲ್ಲಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕುವಂತೆಯೇ ಇಲ್ಲೂ ಹಳೆಯ ಪ್ರತಿ ಹಾಗೇ ಉಳಿದು, ಕಾರಣದ ಸಮೇತ ಹೊಸ ಆವೃತ್ತಿ ಹೊಸ ಸಹಿಯೊಂದಿಗೆ ಬರಬೇಕು. ಸಹಿಯಾದ ಪಿಡಿಎಫನ್ನು ಎಡಿಟ್ ಮಾಡಿದರೆ ಹ್ಯಾಶ್ ಹೊಂದುವುದಿಲ್ಲ, ಸಹಿ ಮುರಿದಿದೆ ಅಂತ ಎದ್ದು ಕಾಣುತ್ತದೆ. ರೋಗಿಯ ಕೈಗೆ ಹಳೆಯ ಪ್ರತಿ ಹೋಗಿದ್ದರೆ ಅವರಿಗೆ ಫೋನ್ ಮಾಡಿ ಹೊಸದನ್ನು ಕೊಡಿ. ನೋಟೀಸು ಬಂದಮೇಲೆ ತಿದ್ದುಪಡಿ ಸೇರಿಸುವುದು ಮಾತ್ರ ಬೇಡ. ತಿದ್ದಿದ್ದು ಸತ್ಯವೇ ಆಗಿದ್ದರೂ ಆ ತಾರೀಕು ನೋಡಿದವರು ನಂಬುವುದಿಲ್ಲ.

ಪಿಡಿಎಫ್ ತೆರೆದರೆ ಸಹಿ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ. ರೋಗಿ ಕಡೆಯವರು ನಕಲಿ ಅಂತಿದ್ದಾರೆ.

ನಕಲಿ ಅಂತ ಅರ್ಥವಲ್ಲ. ನಮ್ಮ ದೇಶದ ಮೂಲ ಪ್ರಮಾಣಪತ್ರವನ್ನು ಆ ಕಂಪ್ಯೂಟರಿನ ಅಡೋಬಿ ರೀಡರ್ ಇನ್ನೂ ನಂಬಿಲ್ಲ ಅಷ್ಟೇ. ಕಂಪ್ಯೂಟರಿನಲ್ಲಿ ಸಹಿಯ ಮೇಲೆ ಬಲಗುಂಡಿ ಒತ್ತಿ ‘ಸಿಗ್ನೇಚರ್ ಪ್ರಾಪರ್ಟೀಸ್’, ಅದರಲ್ಲಿ ‘ಶೋ ಸೈನರ್ಸ್ ಸರ್ಟಿಫಿಕೇಟ್’ ತೆರೆಯಿರಿ. ಎಡಗಡೆ ಕಾಣುವ ಸರಪಳಿಯಲ್ಲಿ ತುತ್ತತುದಿಯ ಹೆಸರು ‘ಸಿಸಿಎ ಇಂಡಿಯಾ’ ಇದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ ‘ಟ್ರಸ್ಟ್’ ಪುಟದಲ್ಲಿ ‘ಆ್ಯಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್’ ಒತ್ತಿ, ಮತ್ತೆ ವ್ಯಾಲಿಡೇಟ್ ಮಾಡಿ. ಹಸಿರು ಗುರುತು ಬರುತ್ತದೆ. ತುದಿಯಲ್ಲಿ ವೈದ್ಯರ ಹೆಸರೇ ಇದ್ದರೆ ಅದು ಯಾರೋ ಸ್ವಂತವಾಗಿ ಹುಟ್ಟಿಸಿಕೊಂಡ ಪ್ರಮಾಣಪತ್ರ, ಅದನ್ನು ನಂಬಬೇಡಿ. ಮೊಬೈಲಿನ ಎಷ್ಟೋ ಆ್ಯಪ್‌ಗಳು ಸಹಿಯನ್ನು ಪರೀಕ್ಷಿಸುವುದೇ ಇಲ್ಲ.

ಆಪರೇಷನ್ ಒಪ್ಪಿಗೆ ಪತ್ರಕ್ಕೆ ರೋಗಿಯಿಂದ ಟ್ಯಾಬ್ ಮೇಲೆ ಬೆರಳಲ್ಲಿ ಸಹಿ ಹಾಕಿಸ್ತೀವಿ. ನಡೆಯುತ್ತಾ?

ಕಾನೂನು ಅಡ್ಡ ಬರುವುದಿಲ್ಲ, ಆದರೆ ಗಾಜಿನ ಮೇಲಿನ ಗೀಚು ಸಾಕ್ಷ್ಯವಾಗಿ ಬಡಕಲು. ಅದೂ ಹೆಬ್ಬೆಟ್ಟು ಒತ್ತುವ ಅಜ್ಜಿಯಂದಿರು ಬರುವ ಊರಿನಲ್ಲಿ, ದೊಡ್ಡ ಆಪರೇಷನ್ನಿಗೆ ಕನ್ನಡದಲ್ಲಿ ಮುದ್ರಿಸಿದ ಹಾಳೆ, ಹೆಬ್ಬೆಟ್ಟು, ಜೊತೆಗೆ ಬಂದವರ ಸಾಕ್ಷಿ ಸಹಿ, ವಿವರಿಸಿದ ವೈದ್ಯರ ಸಹಿ ಇಷ್ಟಿದ್ದರೆ ನಿಶ್ಚಿಂತೆ. ಸ್ಕ್ಯಾನ್ ಮಾಡಿ ಸೇರಿಸಿ, ಮೂಲವನ್ನು ಜೋಪಾನ ಮಾಡಿ.

## ಇನ್ನೂ ಆಳಕ್ಕೆ ಹೋದರೆ

ಪೂರ್ತಿ ಕಾಗದ ಬಿಟ್ಟುಬಿಡಬಹುದಾ?

ಇಲ್ಲ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನಿಯಮಗಳ ಪ್ರಕಾರ ದಾಖಲೆ ಕಂಪ್ಯೂಟರಿನಲ್ಲಿದ್ದರೂ ಅದರ ಮುದ್ರಿತ ಪ್ರತಿ ತೆಗೆದು, ಹೊಣೆ ಹೊತ್ತವರು ದೃಢೀಕರಿಸಿ ಇಡಲೇಬೇಕು. ಗರ್ಭಿಣಿಯ ಸ್ಕ್ಯಾನ್ ವಿವರದ ಫಾರಂ ಎಫ್ ಆನ್‌ಲೈನಿನಲ್ಲಿ ತುಂಬಿದ್ದೇವಲ್ಲ ಅಂದವರ ಸ್ಕ್ಯಾನಿಂಗ್ ಕೇಂದ್ರಗಳು ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ. ಗರ್ಭಪಾತಕ್ಕೆ ಸಂಬಂಧಿಸಿದ ಒಪ್ಪಿಗೆ ಮತ್ತು ಅಭಿಪ್ರಾಯದ ಫಾರಂಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಗೋಪ್ಯವಾಗಿ ಇಡಬೇಕು. ಶೆಡ್ಯೂಲ್ ಎಕ್ಸ್ ಔಷಧದ ಚೀಟಿ ಎರಡು ಪ್ರತಿ, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

ಇನ್ನೊಂದು ವಿಷಯ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 9ನೇ ಕಲಂ ಪ್ರಕಾರ, ವಿದ್ಯುನ್ಮಾನ ರೂಪದಲ್ಲೇ ತೆಗೆದುಕೊಳ್ಳಿ ಅಂತ ಸರ್ಕಾರಿ ಇಲಾಖೆಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ರಜೆಗೆ ಕೊಟ್ಟ ಡಿಜಿಟಲ್ ಸಹಿಯ ಪ್ರಮಾಣಪತ್ರವನ್ನು ಕಚೇರಿಯವರು ಬೇಡ ಅಂದರೆ ವಾದ ಮಾಡಿ ಪ್ರಯೋಜನವಿಲ್ಲ, ಶಾಯಿಯಲ್ಲಿ ಸಹಿ ಹಾಕಿ ಕೊಡಿ.

ಎಷ್ಟು ವರ್ಷ ಇಡಬೇಕು? ರೋಗಿ ಕೇಳಿದರೆ ಎಷ್ಟು ದಿನದಲ್ಲಿ ಕೊಡಬೇಕು?

ಒಳರೋಗಿ ದಾಖಲೆಗೆ 2002ರ ನಿಯಮಾವಳಿಯಲ್ಲಿ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ, ಕೇಳಿದವರಿಗೆ 72 ಗಂಟೆಯೊಳಗೆ ಪ್ರತಿ. 2023ರಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ಆಗಸ್ಟಿನಲ್ಲಿ ತಡೆಹಿಡಿದದ್ದರಿಂದ ಹಳೆಯದನ್ನೇ ನೋಡಬೇಕು. ಫಾರಂ ಎಫ್ 2 ವರ್ಷ, ಗರ್ಭಪಾತದ ದಾಖಲಾತಿ ರಿಜಿಸ್ಟರ್ 5 ವರ್ಷ. ಕೇಸು ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಯಾವುದನ್ನೂ ಅಳಿಸಬೇಡಿ. ನವಜಾತ ಶಿಶುವಿನ ದಾಖಲೆಯನ್ನು 3 ವರ್ಷಕ್ಕೆ ಅಳಿಸುವುದು ಅವಿವೇಕ, ಮಗುವಿಗೆ 18 ತುಂಬಿದ ಮೇಲೂ ದಾವೆ ಹೂಡುವ ದಾರಿ ಉಳಿದಿರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಂ ಪ್ರಕಾರ ಮೂಲ ರೂಪದಲ್ಲಿ, ಮುಂದೆ ತೆರೆದು ನೋಡಲು ಬರುವಂತೆ ಇಡಬೇಕು. ಸಾಫ್ಟ್‌ವೇರ್ ಬದಲಿಸುವ ದಿನ ಹಳೆಯ ಲಾಗ್ ಬಿಟ್ಟು ಬರೀ ಪಿಡಿಎಫ್ ತಂದರೆ ಅರ್ಧ ದಾಖಲೆ ಕಳೆದಂತೆ.

ನನ್ನ ಡಿಎಸ್‌ಸಿ ಅವಧಿ ಮುಗಿಯಿತು. ಹಳೇ ಸಹಿಗಳೆಲ್ಲ ಸತ್ತವಾ?

ಇಲ್ಲ. ಸಹಿ ಮಾಡಿದ ಕ್ಷಣಕ್ಕೆ ಪ್ರಮಾಣಪತ್ರ ಜೀವಂತವಿತ್ತೇ ಅನ್ನುವುದು ಮುಖ್ಯ. ಅದನ್ನು ತೋರಿಸಲು ಹೊರಗಿನ ಟೈಮ್ ಸ್ಟಾಂಪ್ ಬೇಕು, ಜೊತೆಗೆ ಪ್ರಮಾಣಪತ್ರ ಆಗ ರದ್ದಾಗಿರಲಿಲ್ಲ ಎಂಬ ಮಾಹಿತಿ ಪಿಡಿಎಫ್ ಒಳಗೇ ಸೇರಿರಬೇಕು. ಸಾಫ್ಟ್‌ವೇರಿನವರಿಗೆ "ಎಲ್‌ಟಿವಿ ಮಾಡಿಕೊಡಿ" (ಎಷ್ಟೋ ವರ್ಷದ ಮೇಲೂ ಸಹಿ ಪರೀಕ್ಷಿಸಲು ಬರುವ ವ್ಯವಸ್ಥೆ) ಅಂದರೆ ಅವರಿಗೆ ಅರ್ಥವಾಗುತ್ತದೆ. 30 ನಿಮಿಷವಷ್ಟೇ ಬಾಳುವ ಇ-ಸೈನಿಗಂತೂ ಇದಿಲ್ಲದೆ ಆಗದು.

ಕೋರ್ಟಿಗೆ ಪ್ರಿಂಟ್ ತೆಗೆದು ಕೊಟ್ಟರೆ ಸಾಕಾ?

ಬರೀ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಲಗತ್ತಿಸಬೇಕು. ಹಳೆಯವರು 65ಬಿ ಅನ್ನುತ್ತಿದ್ದದ್ದು ಇದೇ. ಈಗ ಅದರಲ್ಲಿ ಎರಡು ಭಾಗ: ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯ ಮತ್ತು ಅದನ್ನು ತೆಗೆದ ವಿಧಾನ, ಉದಾಹರಣೆಗೆ ಎಸ್‌ಎಚ್‌ಎ 256, ಎರಡೂ ನಮೂದಾಗಬೇಕು. ಆದ್ದರಿಂದ ನೋಟೀಸು ಬಂದ ದಿನವೇ ಮೂಲ ಫೈಲನ್ನೂ ಆಡಿಟ್ ಲಾಗನ್ನೂ ಪ್ರತ್ಯೇಕ ಡ್ರೈವಿಗೆ ತೆಗೆದು ಹ್ಯಾಶ್ ಬರೆದಿಡಿ. ‘ಸುರಕ್ಷಿತ’ ವಿದ್ಯುನ್ಮಾನ ಸಹಿ ಇದ್ದರೆ ಅದು ಸಹಿದಾರರದ್ದೇ ಎಂಬ ಪೂರ್ವಭಾವನೆ ನಿಮ್ಮ ಕಡೆ ಇರುತ್ತದೆ, ಇಲ್ಲದಿದ್ದರೆ ಸಹಿಯನ್ನು ಸಾಕ್ಷಿಯಿಂದ ರುಜುವಾತು ಮಾಡಬೇಕು.

ಡಾಕ್ಟರು ಕೆಲಸ ಬಿಟ್ಟು ಹೋದರು. ಅವರ ಸಹಿ ಆಗದ ಸಮರಿಗಳು ಒಂದು ರಾಶಿ ಉಳಿದಿವೆ. ಏನು ಮಾಡೋದು?

ಅವರ ಲಾಗಿನ್ ತೆರೆದು ಸಹಿ ಹಾಕಬೇಡಿ, ಅದು ಸುಳ್ಳು ದಾಖಲೆ ಸೃಷ್ಟಿಸಿದಂತೆ. ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಂ ವಿದ್ಯುನ್ಮಾನ ಸಹಿಯನ್ನೂ ಒಳಗೊಳ್ಳುತ್ತದೆ. ಅವರು ಸಿಗುವಂತಿದ್ದರೆ ಬಾಕಿ ಇರುವುದಕ್ಕೆ ಮಾತ್ರ ತೆರೆಯುವ ಲಾಗಿನ್ ಕೆಲವು ದಿನಕ್ಕೆ ಕೊಟ್ಟು, ಅವರದೇ ಇ-ಸೈನ್‌ನಲ್ಲಿ ಇವತ್ತಿನ ತಾರೀಕಿಗೆ ಸಹಿ ಪಡೆಯಿರಿ. ಸಿಗದಿದ್ದರೆ ಅದೇ ವಿಭಾಗದ ಇನ್ನೊಬ್ಬ ವೈದ್ಯರು ಕೇಸ್‌ಶೀಟ್ ಪೂರ್ತಿ ಓದಿ, ‘ಚಿಕಿತ್ಸೆ ನೀಡಿದ ವೈದ್ಯರು ಲಭ್ಯರಿಲ್ಲ, ದಾಖಲೆಗಳ ಆಧಾರದ ಮೇಲೆ ಸಿದ್ಧಪಡಿಸಿದ್ದು’ ಅಂತ ಬರೆದು ತಮ್ಮ ಹೆಸರಿನಲ್ಲೇ ಸಹಿ ಮಾಡಲಿ. ಮುಂದಿನ ಸಲ, ಅನುಭವ ಪತ್ರ ಕೊಡುವ ಮೊದಲು ಬಾಕಿ ಸಹಿಗಳ ಪಟ್ಟಿ ತೆಗೆಯಿರಿ. ಅವರ ಸಹಿಯ ಚಿತ್ರ ಸರ್ವರಿನಲ್ಲಿದ್ದರೆ ಅದನ್ನೂ ಅದೇ ದಿನ ತೆಗೆಸಿ.